ಒಂದೇ ಯಂತ್ರದೊಳಗೆ ಹಲವು ಜಾಲಗಳು

ಒಂದು ಗಣಕಯಂತ್ರದಲ್ಲಿ ವೆಬ್ ಪುಟಗಳನ್ನು ಒದಗಿಸುವ ಎರಡು ಕಾರ್ಯಕ್ರಮಗಳಿವೆಯೆಂದು ಭಾವಿಸೋಣ. ಎರಡೂ ಒಂದೇ ವಿಳಾಸದಲ್ಲಿ 80ನೆಯ ಪೋರ್ಟನ್ನೇ ಬೇಡುವುವು. ಮೊದಲು ಬಂದುದಕ್ಕೆ ಅದು ದೊರೆಯುವುದು. ಎರಡನೆಯದು ಬರಿಗೈಯಲ್ಲಿ ಹಿಂದಿರುಗಬೇಕು. ಅದಲ್ಲದೆ, ಒಂದು ಕಾರ್ಯಕ್ರಮವು ದುಷ್ಟರ ವಶವಾಗಿ, ಅದಕ್ಕೆ ತಕ್ಕ ಅಧಿಕಾರವೂ ಇದ್ದರೆ, ನೆರೆಯದರ ಸಂದೇಶಗಳನ್ನು ಕದ್ದು ನೋಡಬಹುದು. ಇವನ್ನು ಬೇರ್ಪಡಿಸುವುದು ಹೇಗೆ?

ಲಿನಕ್ಸ್ ಇದಕ್ಕೆ ಕಂಡುಕೊಂಡ ಉಪಾಯದ ಹೆಸರು ನೆಟ್‌ವರ್ಕ್ ನೇಮ್‌ಸ್ಪೇಸ್. ಇದನ್ನು ನಾವು 'ಜಾಲಾವರಣ'ವೆಂದು ಕರೆಯೋಣ. 2008ರ ಜನವರಿಯಲ್ಲಿ ಹೊರಬಂದ 2.6.24ನೆಯ ಆವೃತ್ತಿಯಲ್ಲಿ ಮೊದಲಾದ ಈ ಕೆಲಸವು 2009ರ ವೇಳೆಗೆ ಬಹುಮಟ್ಟಿಗೆ ಪೂರ್ಣಗೊಂಡಿತು.

ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎಂದು ಹೆಸರು. ಸಂದೇಶಗಳು ಪ್ಯಾಕೆಟ್ಟುಗಳೆಂಬ ತುಣುಕುಗಳಾಗಿ ಸಾಮಾನ್ಯವಾಗಿ ಅದರ ಮೂಲಕವೇ ಸಾಗುವುವು. ಪ್ಯಾಕೆಟ್ಟನ್ನು ಎಲ್ಲಿಗೆ ಕಳುಹಬೇಕು, ಯಾವುದನ್ನು ತಡೆಯಬೇಕು ಎಂಬುದನ್ನು ತಿಳಿಯಲು ಕರ್ನೆಲ್ಲು ವಿಳಾಸಗಳ, ಮಾರ್ಗಗಳ, ಪೋರ್ಟುಗಳ ಮತ್ತು ತಡೆನಿಯಮಗಳ ಪಟ್ಟಿಗಳನ್ನು ನೋಡುವುದು. ಪ್ರತಿಯೊಂದು ಜಾಲಾವರಣಕ್ಕೂ ಇಂಥ ಪಟ್ಟಿಗಳು ಬೇರೆಬೇರೆ. ಹಿಂದೆ ಒಬ್ಬನೇ ಶಾನುಭೋಗನು ಹಲವು ಗ್ರಾಮಗಳ ಲೆಕ್ಕವನ್ನು ಬೇರೆ ಬೇರೆ ಕಡತಗಳಲ್ಲಿ ಇಟ್ಟಂತೆ ಇದು. 80ನೆಯ ಸರ್ವೆ ನಂಬರು ಎರಡು ಗ್ರಾಮಗಳಲ್ಲಿಯೂ ಇದ್ದರೆ ಗೊಂದಲವೇನೂ ಇಲ್ಲ, ಕಡತಗಳೇ ಬೇರೆಯಷ್ಟೆ.

ಹೊಸದಾಗಿ ಹುಟ್ಟಿದ ಆವರಣದಲ್ಲಿ, ತನ್ನೊಡನೆ ತಾನೇ ಮಾತನಾಡಲು ನೆರವಾಗುವ ಲೂಪ್‌ಬ್ಯಾಕ್ ಮಾತ್ರ ಇರುವುದು. ಅದನ್ನೂ ನಾವೇ ಚಾಲನೆಗೊಳಿಸಬೇಕು. ಹೊರಗಿನ ಸಂಪರ್ಕ ಬೇಕಾದರೆ 'ವೆತ್' ಎಂಬ ಜೋಡಿಯನ್ನು ಕಲ್ಪಿಸಬಹುದು. ಇದು ಎರಡು ತುದಿಗಳುಳ್ಳ ಕೊಳವೆಯಂತೆ: ಒಂದು ತುದಿಯಲ್ಲಿ ಹಾಕಿದ ಪ್ಯಾಕೆಟ್ಟು ಇನ್ನೊಂದರಲ್ಲಿ ಹೊರಬರುವುದು. ಒಂದು ತುದಿ ಆವರಣದೊಳಗೆ, ಇನ್ನೊಂದು ಹೊರಗೆ. ಹೊರತುದಿಯಲ್ಲಿ ತಡೆನಿಯಮಗಳನ್ನಿಟ್ಟರೆ ಬರುವ ಹೋಗುವ ಸಂಚಾರವೆಲ್ಲ ನಮ್ಮ ಹತೋಟಿಯಲ್ಲಿರುವುದು.

ಇಲ್ಲಿ ಎರಡನೆಯ ಯಂತ್ರವಾಗಲಿ, ಎರಡನೆಯ ಕರ್ನೆಲ್ಲಾಗಲಿ ಬೇಕಿಲ್ಲ. ಆದುದರಿಂದಲೇ ಒಂದು ಯಂತ್ರದಲ್ಲಿ ನೂರಾರು ಆವರಣಗಳನ್ನು ಅಲ್ಪವೆಚ್ಚದಲ್ಲಿ ಸೃಷ್ಟಿಸಬಹುದು. ಇಂದು ಬಳಕೆಯಲ್ಲಿರುವ ಡಾಕರ್ ಮೊದಲಾದ ಕಂಟೇನರ್ ಸಾಧನಗಳು ಇದನ್ನೇ ಅವಲಂಬಿಸಿವೆ.

ಆದರೆ ಇದರ ಬಲವೇ ಇದರ ದೌರ್ಬಲ್ಯವೂ ಹೌದು. ಜಾಲಾವರಣವು ಬೇರ್ಪಡಿಸುವುದು ಜಾಲವನ್ನು ಮಾತ್ರ. ಕಡತಗಳ ರಕ್ಷಣೆಗೆ ಬೇರೆ ಏರ್ಪಾಡು ಬೇಕು. ಅಲ್ಲದೆ ಎಲ್ಲ ಆವರಣಗಳನ್ನೂ ಕಾಯುವ ಕರ್ನೆಲ್ಲು ಒಂದೇ. ಅದರಲ್ಲಿಯೇ ದೋಷವೊಂದು ಅಡಗಿದ್ದು, ದುಷ್ಟರು ಅದನ್ನು ಬಳಸಿಕೊಂಡರೆ ಒಂದು ಆವರಣವಲ್ಲ, ಎಲ್ಲವೂ ಒಮ್ಮೆಗೇ ಅಪಾಯಕ್ಕೆ ಸಿಲುಕಬಹುದು. ಕಡತಗಳು ಎಷ್ಟೇ ಇರಲಿ, ಶಾನುಭೋಗನು ಒಬ್ಬನೇ ಎಂಬುದನ್ನು ನಾವು ಮರೆಯಲಾಗದು.