ಸ್ನಾನದ ವೇಳೆ ಎರಡು ನಿಮಿಷ

ವೃಷಣದ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು 15ರಿಂದ 40 ವರ್ಷದೊಳಗಿನವರಲ್ಲಿ. ಬಾಲ್ಯದಲ್ಲಿ ವೃಷಣ ಕೆಳಗಿಳಿಯದಿದ್ದವರು ಹೆಚ್ಚು ಎಚ್ಚರ ವಹಿಸಬೇಕು.

ತಿಂಗಳಿಗೊಮ್ಮೆ ಬಿಸಿನೀರಿನ ಸ್ನಾನದ ಬಳಿಕ ಒಂದೊಂದೇ ವೃಷಣವನ್ನು ಹೆಬ್ಬೆರಳು ಮತ್ತು ಇತರ ಬೆರಳುಗಳ ನಡುವೆ ಮೃದುವಾಗಿ ಉರುಳಿಸಿ ನೋಡಿರಿ. ಒಂದು ತುಸು ದೊಡ್ಡದಾಗಿರುವುದು, ಕೆಳಗಿರುವುದು ಸಹಜ. ಹಿಂಬದಿಯಲ್ಲಿ ಕೈಗೆ ಸಿಗುವ ಮೆತ್ತನೆಯ ನಾಳ ಗಂಟಲ್ಲ.

ಗಟ್ಟಿ ಗಂಟು, ಊತ ಕಂಡರೆ ನೋವಿಲ್ಲವೆಂದು ಸುಮ್ಮನಿರಬೇಡಿ. ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ವೈದ್ಯರಿಗೆ ತೋರಿಸಿ, ಸ್ಕ್ಯಾನಿಂಗ್ ಮಾಡಿಸಿರಿ. ಎಲ್ಲ ಗಂಟೂ ಕ್ಯಾನ್ಸರಲ್ಲ. ಬೇಗ ಪತ್ತೆಯಾದರೆ ಬಹುತೇಕ ಗುಣವಾಗುವ ಕಾಯಿಲೆಯಿದು.

ಹಠಾತ್ತನೆ ತೀವ್ರ ನೋವು ಬಂದರೆ ವೃಷಣ ತಿರುಚಿಕೊಂಡಿರಬಹುದು. ಬೆಳಗಾಗಲೆಂದು ಕಾಯಬೇಡಿ, 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಅದು ಉಳಿಯುವ ಸಾಧ್ಯತೆ ಹೆಚ್ಚು. ಹದಿಹರೆಯದ ಮಗ ನಾಚಿಕೆಯಿಂದ ಹೊಟ್ಟೆನೋವು ಎಂದಷ್ಟೇ ಹೇಳಬಹುದು. ತಂದೆಯೇ ಮೆಲ್ಲನೆ ಕೇಳಿ ತಿಳಿದುಕೊಳ್ಳಲಿ.