ಬೈಕಿಗೆ ಕುಂಟೆ ಕಟ್ಟಿದಾಗ

ಬಾಗಲಕೋಟೆ ಜಿಲ್ಲೆಯಲ್ಲಿ ಬೆಳೆಯ ಸಾಲುಗಳ ನಡುವೆ ಬೈಕಿನಿಂದ ಎಡೆ ಹೊಡೆಯುವುದನ್ನು ಈಗ ಯಾರೂ ನಿಂತು ನೋಡುವುದಿಲ್ಲ. ಎತ್ತಿನ ಜೋಡಿಗೆ ವರ್ಷವಿಡೀ ಮೇವು ಹಾಕಬೇಕು, ಕೆಲಸ ಇರುವುದು ಕೆಲವೇ ವಾರ. ಬಾಡಿಗೆಗೆ ತರೋಣವೆಂದರೆ ಮಳೆ ನಿಂತು ಹೊಲ ಹದಕ್ಕೆ ಬಂದ ದಿನವೇ ಊರಿನವರಿಗೆಲ್ಲ ಎತ್ತು ಬೇಕು. ಅಂಗಳದಲ್ಲಿ ಹೇಗೂ ನೂರು ಸಿಸಿಯ ಬೈಕು ನಿಂತಿದೆ. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಪೈಪು, ನಾಲ್ಕು ಕ್ಲಾಂಪು ಮಾಡಿಸಿದರೆ ಎಡೆಕುಂಟೆ ಅದರ ಬೆನ್ನಿಗೆ ಬೀಳುತ್ತದೆ. ಹಾವೇರಿ, ಗದಗ ಕಡೆಯೂ ಇದೇ ನಡೆದಿದೆ.

ಈ ಜೋಡಣೆಯನ್ನು ರೈತನ ಜಾಣ್ಮೆ ಎಂದು ಹೊಗಳಿ ಫೋಟೊ ಹಾಕುವವರು ಬಹಳ ಮಂದಿ. ಹೊಗಳಿಕೆಗೆ ನನ್ನ ತಕರಾರಿಲ್ಲ. ಆದರೆ ಕೊಂಡಿಯನ್ನು ಎಷ್ಟು ಎತ್ತರದಲ್ಲಿ ಹಾಕಿದ್ದಾರೆ, ಹಿಂದಿನ ಗಾಲಿ ಬದಲಿಸಿದ್ದಾರೆಯೇ, ಬೈಕಿಗೆ ವಾಲುವ ಸ್ವಾತಂತ್ರ್ಯ ಉಳಿದಿದೆಯೇ ಎಂದು ಯಾರೂ ಕೇಳುವುದಿಲ್ಲ. ಬೈಕು ಸವಾರನ ಮಾತು ಕೇಳುತ್ತದೋ ಇಲ್ಲವೋ ಎಂಬುದು ಇವುಗಳ ಮೇಲೆಯೇ ನಿಂತಿದೆ.

ಮೊದಲು ಎಳೆಯುವ ಶಕ್ತಿ ಎಷ್ಟೆಂದು ನೋಡೋಣ. ನೂರು ಸಿಸಿ ಬೈಕಿನ ತೂಕ ಸುಮಾರು 112 ಕಿಲೊ, ಸವಾರ 65 ಕಿಲೊ. ಒಟ್ಟು 177ರಲ್ಲಿ ಹೆಚ್ಚುಕಡಿಮೆ 105 ಕಿಲೊ ಹಿಂದಿನ ಗಾಲಿಯ ಮೇಲೆ, 70 ಕಿಲೊ ಮುಂದಿನ ಗಾಲಿಯ ಮೇಲೆ ಕೂರುತ್ತದೆ. ಮೊದಲ ಗೇರಿನಲ್ಲಿ ಎಂಜಿನ್ನಿಗೆ ಸುಮಾರು 70 ಕಿಲೊ ಭಾರದಷ್ಟು ಎಳೆಯುವ ತಾಕತ್ತಿದೆ. ಆದರೆ ಹರಗಿದ ಹೊಲದಲ್ಲಿ ಟೈರಿಗೆ ಸಿಗುವ ಹಿಡಿತ ಅದರ ಮೇಲಿನ ಭಾರದ ಶೇ. 40ರ ಆಸುಪಾಸು. ಅಂದರೆ ಎಳೆತ 40-45 ಕಿಲೊ ದಾಟುವ ಹೊತ್ತಿಗೆ ಗಾಲಿ ತಿರುಗುತ್ತಲೇ ಇರುತ್ತದೆ, ಬೈಕು ನಿಂತಿರುತ್ತದೆ. ಎಂಟು ಕ್ವಿಂಟಲ್ ತೂಗುವ ಎತ್ತಿನ ಜೋಡಿ ತನ್ನ ತೂಕದ ಹತ್ತರಲ್ಲೊಂದು ಭಾಗ, ಎಂದರೆ 80 ಕಿಲೊ, ಗಂಟೆಗಟ್ಟಲೆ ಎಳೆಯುತ್ತದೆ. ಒಂದು ಅಶ್ವಶಕ್ತಿಯ ಹತ್ತಿರ ನಿಲ್ಲುವ ಜೋಡಿ ಎಂಟು ಅಶ್ವಶಕ್ತಿಯ ಬೈಕಿಗಿಂತ ಹೆಚ್ಚು ಎಳೆಯುವುದು ಹೀಗೆ. ಬೈಕಿನ ಶಕ್ತಿ ಇರುವುದು ವೇಗದಲ್ಲಿ, ಹೊಲಕ್ಕೆ ಬೇಕಾದದ್ದು ಹಿಡಿತ. ಆದ್ದರಿಂದ ಬೈಕು ಎಡೆ ಹೊಡೆಯಬಲ್ಲದು, ನೇಗಿಲು ಹೊಡೆಯಲಾರದು.

ಈಗ ಕೊಂಡಿಯ ವಿಷಯ. ಕೆಲವರು ಪೈಪನ್ನು ಸೀಟಿನ ಹಿಂದಿನ ಕ್ಯಾರಿಯರಿಗೆ ಬಿಗಿಯುತ್ತಾರೆ. ಬೋಲ್ಟು ಹಾಕಲು ಅದೇ ಸುಲಭದ ಜಾಗ. ಕ್ಯಾರಿಯರಿನ ಎತ್ತರ ನೆಲದಿಂದ ಮುಕ್ಕಾಲು ಮೀಟರು ಎಂದುಕೊಳ್ಳಿ. 40 ಕಿಲೊ ಎಳೆತ ಆ ಎತ್ತರದಲ್ಲಿ ಹಿಂದಕ್ಕೆ ಜಗ್ಗಿದರೆ ಬೈಕನ್ನು ಹಿಂದಿನ ಗಾಲಿಯ ಮೇಲೆ ಮಗುಚಲು ನೋಡುತ್ತದೆ. ಎರಡು ಗಾಲಿಗಳ ನಡುವಿನ ಅಂತರ ಸುಮಾರು 1.23 ಮೀಟರು. ಗುಣಿಸಿ ಭಾಗಿಸಿದರೆ ಮುಂದಿನ ಗಾಲಿಯ ಮೇಲಿದ್ದ 70 ಕಿಲೊದಲ್ಲಿ 24 ಕಿಲೊ ಹಿಂದಕ್ಕೆ ಹೋಗಿರುತ್ತದೆ, ಮೂರರಲ್ಲೊಂದು ಪಾಲು. ಹ್ಯಾಂಡಲ್ ತಿರುಗಿಸಿದರೂ ಬೈಕು ನೆಟ್ಟಗೇ ಹೋಗುತ್ತದೆ ಎಂದು ದೂರುವವರಿದ್ದರೆ ಮೊದಲು ಅವರ ಕೊಂಡಿಯ ಎತ್ತರ ನೋಡಬೇಕು. ಅದೇ ಕೊಂಡಿಯನ್ನು ಹಿಂದಿನ ಗಾಲಿಯ ಅಚ್ಚಿನ ಮಟ್ಟಕ್ಕೆ, ಎಂದರೆ ಸುಮಾರು 30 ಸೆಂಟಿಮೀಟರಿಗೆ ಇಳಿಸಿದರೆ ಮುಂದಿನ ಗಾಲಿ ಕಳೆದುಕೊಳ್ಳುವುದು 10 ಕಿಲೊ ಮಾತ್ರ. ಹಿಂದಿನ ಗಾಲಿಗೆ ಒಂದಿಷ್ಟು ಹೆಚ್ಚುವರಿ ಭಾರವೂ ಸಿಕ್ಕಿತು, ಮುಂದಿನದು ನೆಲ ಬಿಡಲೂ ಇಲ್ಲ. ಟ್ರ್ಯಾಕ್ಟರಿನ ಎಳೆಯುವ ಕೊಂಡಿಯನ್ನು ಹಿಂದಿನ ಅಚ್ಚಿಗಿಂತ ಕೆಳಗೆ ಇಟ್ಟಿರುವುದರ ಹಿಂದೆಯೂ ಇದೇ ಲೆಕ್ಕವಿದೆ.

ಬೈಕನ್ನು ತಯಾರಿಸಿದವರು ಅದು ಡಾಂಬರಿನ ಮೇಲೆ ಗಂಟೆಗೆ ನಲವತ್ತು ಐವತ್ತು ಕಿಲೋಮೀಟರ್ ಓಡಲೆಂದು ಮಾಡಿದ್ದಾರೆ. ಆ ವೇಗದಲ್ಲಿ ಬೈಕು ಬೀಳದಂತೆ ತಾನೇ ತನ್ನನ್ನು ನಿಲ್ಲಿಸಿಕೊಳ್ಳುತ್ತದೆ. ಹ್ಯಾಂಡಲಿನ ಕಂಬದ ಗೆರೆಯನ್ನು ನೆಲದವರೆಗೆ ಎಳೆದರೆ ಅದು ನೆಲ ಮುಟ್ಟುವ ಜಾಗ ಟೈರು ನೆಲ ಮುಟ್ಟುವ ಜಾಗಕ್ಕಿಂತ ಕೆಲವು ಸೆಂಟಿಮೀಟರ್ ಮುಂದಿರುತ್ತದೆ. ಟೈರು ಆ ಗೆರೆಯ ಹಿಂದೆ ಹಿಂದೆ ಬರುತ್ತದಾದ್ದರಿಂದ ಹ್ಯಾಂಡಲು ಅತ್ತಿತ್ತ ಹೋದರೂ ಮತ್ತೆ ನೇರಕ್ಕೆ ಮರಳುತ್ತದೆ. ಸಡಿಲ ಮಣ್ಣಿನಲ್ಲಿ ಈ ಏರ್ಪಾಡು ಕೆಡುತ್ತದೆ. ಗಾಲಿ ಮಣ್ಣಿನೊಳಗೆ ಇಳಿದಾಗ ಮಣ್ಣು ಅದನ್ನು ತಳದಲ್ಲಿ ತಡೆಯುವ ಬದಲು ಮುಂಭಾಗದಲ್ಲಿ ತಡೆಯುತ್ತದೆ. ತಡೆ ಗೆರೆಗಿಂತ ಮುಂದೆ ಹೋದೊಡನೆ ಹ್ಯಾಂಡಲು ನೇರಕ್ಕೆ ಮರಳುವ ಬದಲು ಇನ್ನಷ್ಟು ಮುರಿದುಕೊಳ್ಳುತ್ತದೆ. ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ಬುಡದ ಮಸಾರಿ ಹೊಲದಲ್ಲಿ, ಉಸುಕು ಹೆಚ್ಚಿದ್ದಲ್ಲಿ, ಮುಂದಿನ ಗಾಲಿ ತಟ್ಟನೆ ಅಡ್ಡ ತಿರುಗಿ ಸವಾರನನ್ನು ಕೆಡವುವುದು ಇದರಿಂದಲೇ. ಹಿಂದಕ್ಕೆ ದೊಡ್ಡ ಕಬ್ಬಿಣದ ಗಾಲಿ ಹಾಕಿಸಿ ಹಿಂಭಾಗ ಎತ್ತರವಾಯಿತೆಂದರೆ ಹ್ಯಾಂಡಲಿನ ಕಂಬ ಇನ್ನಷ್ಟು ನೆಟ್ಟಗಾಗುತ್ತದೆ, ಇದ್ದ ಕೆಲವು ಸೆಂಟಿಮೀಟರೂ ಕರಗುತ್ತದೆ. ಗಾಲಿ ಬದಲಿಸುವವರು ಅದರ ಸುತ್ತಳತೆಯನ್ನು ಮೂಲ ಟೈರಿನಷ್ಟೇ ಇಟ್ಟರೆ ಈ ತೊಂದರೆಯಿಲ್ಲ.

ಹಿಮದ ನಾಡುಗಳಲ್ಲಿ ಇದೇ ಸಮಸ್ಯೆಯನ್ನು ಎಂಜಿನಿಯರುಗಳು ಬಹಳ ಹಣ ಸುರಿದು ಬಿಡಿಸಿದ್ದಾರೆ. ಅಲ್ಲಿ ಸ್ನೋಬೈಕ್ ಎಂಬುದಿದೆ. ಮಣ್ಣುದಾರಿಯ ಬೈಕಿನ ಮುಂದಿನ ಗಾಲಿ ತೆಗೆದು ಒಂದು ಹಿಮಜಾರುಪಟ್ಟಿ, ಹಿಂದಿನ ಗಾಲಿ ತೆಗೆದು ರಬ್ಬರಿನ ಉದ್ದನೆಯ ಪಟ್ಟಾ ಜೋಡಿಸುತ್ತಾರೆ. ಅಮೆರಿಕದ ಐಡಹೊ ರಾಜ್ಯದ ಟಿಂಬರ್‌ಸ್ಲೆಡ್ ಈ ಜೋಡಣೆಗಳಿಗೆ ಹೆಸರು ಮಾಡಿದ ಕಂಪನಿ. 2015ರಲ್ಲಿ ಹಿಮವಾಹನ ತಯಾರಿಸುವ ಪೊಲಾರಿಸ್ ಕಂಪನಿ ಅದನ್ನು ಕೊಂಡಿತು. 2017ರಲ್ಲಿ ಸಾಹಸ ಕ್ರೀಡಾಕೂಟವಾದ ಎಕ್ಸ್ ಗೇಮ್ಸ್‌ನಲ್ಲಿ ಸ್ನೋಬೈಕ್ ಓಟವೂ ಸೇರಿತು. ಪಟ್ಟಾದ ಸುತ್ತಳತೆ 120, 129, 137 ಇಂಚು ಹೀಗೆ ಬರುತ್ತದೆ. 129 ಇಂಚಿನದು ಹತ್ತಿರಹತ್ತಿರ ಮೂರೂಕಾಲು ಮೀಟರು. ಅದರ ದೊಡ್ಡ ಪಾಲು ಹಿಮದ ಮೇಲೆ ಚಪ್ಪಟೆಯಾಗಿ ಕೂರುವುದರಿಂದ ನೆಲದ ಮೇಲಿನ ಒತ್ತಡ ಟೈರಿನ ಹತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಬೈಕು ಹೂತುಕೊಳ್ಳದೆ ತೇಲುತ್ತದೆ.

ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪಟ್ಟಾದ ಅಗಲ. ತೇಲಬೇಕೆಂದರೆ ಅಗಲ ಹೆಚ್ಚಿದಷ್ಟೂ ಒಳ್ಳೆಯದು, ಆದರೂ ಅದನ್ನು ಹನ್ನೊಂದು ಹನ್ನೆರಡು ಇಂಚಿಗೇ ಮುಗಿಸಿದ್ದಾರೆ. ಅಗಲವಾದ ಚಪ್ಪಟೆ ಪಟ್ಟಾದ ಮೇಲೆ ನಿಂತ ಬೈಕು ವಾಲುವುದಿಲ್ಲ, ವಾಲದಿದ್ದರೆ ಬೈಕಿನಂತೆ ತಿರುಗುವುದೂ ಇಲ್ಲ. ಉದ್ದದಲ್ಲೂ ಇಂಥದೇ ಚೌಕಾಸಿ ಇದೆ. ಉದ್ದನೆಯ ಪಟ್ಟಾ ಗುಡ್ಡ ಹತ್ತುತ್ತದೆ, ಆದರೆ ತಿರುವಿನಲ್ಲಿ ಬೈಕನ್ನು ನೇರಕ್ಕೇ ತಳ್ಳುತ್ತದೆ. ಜಾರುಪಟ್ಟಿಯನ್ನು ಫೋರ್ಕಿನ ತುದಿಗಿಂತ ಎಷ್ಟು ಮುಂದೆ, ಎಷ್ಟು ಹಿಂದೆ ಕೂರಿಸಬೇಕೆಂಬುದನ್ನೂ ಮಿಲಿಮೀಟರಿನಲ್ಲಿ ಹೊಂದಿಸುತ್ತಾರೆ. ನಾವು ಮೇಲೆ ನೋಡಿದ ಆ ಕೆಲವು ಸೆಂಟಿಮೀಟರಿನ ಅಂತರವನ್ನು ಕಾಯ್ದುಕೊಳ್ಳುವ ಕೆಲಸವದು. ಜಾರುಪಟ್ಟಿ ಅಡ್ಡಕ್ಕೆ ಜಾರದಂತೆ ಅದರ ಅಡಿಯಲ್ಲಿ ಹಿಮವನ್ನು ಕಚ್ಚುವ ಉದ್ದನೆಯ ಏಣುಗಳಿರುತ್ತವೆ.

ಹಾಗಾದರೆ ಆ ಪಟ್ಟಾ ತಂದು ಹುನಗುಂದದ ಎರೆ ಹೊಲಕ್ಕೆ ಇಳಿಸಬಹುದೇ? ಆಗದು. ಪಟ್ಟಾದ ಒಳಗೆ ಪ್ಲಾಸ್ಟಿಕ್ಕಿನ ಜಾರುಹಳಿಗಳಿವೆ. ಅವುಗಳನ್ನು ತಣ್ಣಗಿಡುವುದೂ ಜಾರಿಸುವುದೂ ಒಳಗೆ ಚಿಮ್ಮುವ ಹಿಮವೇ. ಹಿಮ ಸಿಗದ ನೆಲದಲ್ಲಿ ಅವು ಕಾದು ಸವೆಯುತ್ತವೆ. ಎರೆಮಣ್ಣಿನ ಸ್ವಭಾವವೂ ಬೇರೆ. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ, ಹಸಿಯಿದ್ದಾಗ ಮುಟ್ಟಿದ್ದಕ್ಕೆಲ್ಲ ಮೆತ್ತಿಕೊಳ್ಳುತ್ತದೆ. ಮಳೆಯಾದ ಮೇಲೆ ಅಡ್ಡದಾರಿಯಲ್ಲಿ ಹೋದ ಬೈಕಿನ ಮಡ್‌ಗಾರ್ಡು ಟೈರು ಒಂದಾಗಿ ಗಾಲಿಯೇ ಕಚ್ಚಿಕೊಳ್ಳುವುದು ಆ ಸೀಮೆಯವರಿಗೆ ಗೊತ್ತು. ಟೈರಿನ ಬದಲು ಕಬ್ಬಿಣದ ಹಲ್ಲುಗಾಲಿ ಹಾಕಿದವರಿಗೂ ಈ ಪಾಡು ತಪ್ಪದು. ಹಲ್ಲುಗಳ ಸಂದಿಯಲ್ಲಿ ಮಣ್ಣು ತುಂಬಿದರೆ ಆ ಗಾಲಿ ನುಣುಪಾದ ಉರುಳೆಯಾಗುತ್ತದೆ. ಹಲ್ಲು ಕಡಿಮೆ, ನಡುವೆ ಅಂತರ ಹೆಚ್ಚು, ಸುತ್ತಿನ ಪಟ್ಟಿಯಲ್ಲಿ ಮಣ್ಣು ಹೊರಬೀಳಲು ತೆರೆದ ಜಾಗ: ಎರೆಗೆ ಒಗ್ಗುವ ಗಾಲಿ ಹೀಗಿರಬೇಕು. ಬಾದಾಮಿಯ ಮಸಾರಿಗೆ ಇದರ ತದ್ವಿರುದ್ಧ, ಅಲ್ಲಿ ಅಗಲವೇ ಆಸರೆ. ಒಂದೇ ಜಿಲ್ಲೆಯ ಎರಡು ಮಣ್ಣಿಗೆ ಒಂದೇ ಗಾಲಿ ಹೊಂದುವುದಿಲ್ಲ.

ಹಿಂದಿನ ಗಾಲಿಯನ್ನೇ ತೆಗೆದು ಬೇರೆ ಸಾಧನ ಕೂರಿಸುವ ಆಲೋಚನೆ ನಮ್ಮ ದೇಶದಲ್ಲೂ ಹಳೆಯದು. ಗುಜರಾತಿನ ಅಮ್ರೇಲಿ ಜಿಲ್ಲೆಯ ಮೋಟಾ ದೇವಳಿಯಾ ಊರಿನ ಮನಸುಖ್‌ಭಾಯಿ ಜಗಾನಿ 1994ರಲ್ಲಿ ಬುಲೆಟ್ ಬೈಕಿನ ಹಿಂದಿನ ಗಾಲಿ ಕಳಚಿ, ಆ ಜಾಗಕ್ಕೆ ಎರಡು ಗಾಲಿಗಳ ಅಚ್ಚು ಮತ್ತು ಉಪಕರಣ ಹಿಡಿಯುವ ಅಡ್ಡಪಟ್ಟಿ ಜೋಡಿಸಿದರು. ಅದಕ್ಕೆ ಬುಲೆಟ್ ಸಾಂತಿ ಎಂದು ಹೆಸರು. ಅಮೆರಿಕದ ಪೇಟೆಂಟೂ ಅದಕ್ಕೆ ದೊರೆತಿದೆ. ಎರಡು ಗಾಲಿ ಬಂದದ್ದರಿಂದ ನಿಧಾನವಾಗಿ ಹೋದರೂ ಬೀಳುವ ಭಯವಿಲ್ಲ.

ಆದರೆ ಸವಾರನ ಕೈ ಹೊಸದಾಗಿ ಕಲಿಯಬೇಕು. ರಸ್ತೆಯಲ್ಲಿ ಬೈಕನ್ನು ಬಲಕ್ಕೆ ತಿರುಗಿಸುವಾಗ ನಾವು ಅರಿವಿಲ್ಲದೆ ಹ್ಯಾಂಡಲನ್ನು ಒಂದು ಕ್ಷಣ ಎಡಕ್ಕೆ ಒತ್ತುತ್ತೇವೆ. ಬೈಕು ಬಲಕ್ಕೆ ವಾಲಿ ಆಮೇಲೆ ತಿರುಗುತ್ತದೆ. ಹಿಂದೆ ಎರಡು ಗಾಲಿಯಿರುವ ವಾಹನ ವಾಲುವುದಿಲ್ಲ, ಹ್ಯಾಂಡಲ್ ನೋಡಿದ ಕಡೆಗೇ ಹೋಗುತ್ತದೆ. ವರ್ಷಗಳ ಅಭ್ಯಾಸದ ಕೈ ಎಡಕ್ಕೆ ಒತ್ತಿದರೆ ಗಾಡಿ ಎಡಕ್ಕೇ ಹೋಗಿ ಸಾಲಿನ ಮೇಲೆ ಹತ್ತುತ್ತದೆ. ಕುಂಟೆಯನ್ನು ಬೈಕಿನ ಚೌಕಟ್ಟಿಗೆ ಅಲ್ಲಾಡದಂತೆ ಬೋಲ್ಟು ಹಾಕಿ ಕೂರಿಸಿದಾಗಲೂ ಇದೇ ಗತಿ: ಕುಂಟೆಯ ಅಲಗು, ಅಂದರೆ ಕುಡ, ನೆಲದಲ್ಲಿದ್ದಷ್ಟು ಹೊತ್ತು ಬೈಕು ವಾಲಲಾರದು. ಒಂದು ಕೀಲು ಕೊಟ್ಟು ಕುಂಟೆ ತನ್ನಷ್ಟಕ್ಕೆ ಅತ್ತಿತ್ತ ಹೊರಳುವಂತೆ ಬಿಟ್ಟರೆ ಬೈಕು ಬೈಕಾಗಿಯೇ ಉಳಿಯುತ್ತದೆ.

ನಿಧಾನವೇ ಇಲ್ಲಿ ದೊಡ್ಡ ಸವಾಲು. ಎತ್ತು ಗಂಟೆಗೆ ಎರಡು ಮೂರು ಕಿಲೋಮೀಟರ್ ನಡೆಯುತ್ತದೆ. ಬೈಕು ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟಾಗ ಆರೇಳು ಕಿಲೋಮೀಟರಿಗಿಂತ ಕೆಳಗೆ ಸಲೀಸಾಗಿ ಓಡದು. ಆ ನಡೆಯಲ್ಲಿ ಬೈಕು ಬೀಳದಿರಲು ಹ್ಯಾಂಡಲನ್ನು ಸದಾ ಚೂರುಚೂರು ಆಡಿಸಬೇಕು, ಪ್ರತಿ ಆಟವೂ ಹಿಂದಿನ ಕುಡಕ್ಕೆ ತಲುಪುತ್ತದೆ. ಜೋಳದ ಸಾಲುಗಳ ನಡುವೆ 45 ಸೆಂಟಿಮೀಟರ್ ಜಾಗ, ಕುಡ 30 ಸೆಂಟಿಮೀಟರ್ ಇದ್ದರೆ ಎರಡೂ ಬದಿಗೆ ಉಳಿಯುವುದು ಏಳೂವರೆ ಸೆಂಟಿಮೀಟರ್. ಅಷ್ಟರೊಳಗೆ ತೂಗಾಡಬೇಕು. ಹಿಂದೆ ಇನ್ನೊಬ್ಬರು ಕುಂಟೆಯ ಹಿಡಿಕೆಯಾದ ಮೇಳಿ ಹಿಡಿದು ನಡೆಯುವುದು ಇದಕ್ಕಾಗಿಯೇ, ಆ ಕೈ ಎರಡನೆಯ ಹ್ಯಾಂಡಲು. ಕ್ಲಚ್ ಅರ್ಧ ಹಿಡಿದು ನಿಧಾನ ಮಾಡಿದರೆ ಕ್ಲಚ್ ಪ್ಲೇಟು ಸುಡುತ್ತದೆ. ಓಡುವಾಗ ಬೀಸುವ ಗಾಳಿಯಿಂದಲೇ ತಣಿಯಬೇಕಾದ ಎಂಜಿನ್ನು ಎರೆಯ ಬಿಸಿಲಲ್ಲಿ ಕಾದು ಕೆಂಡವಾಗುತ್ತದೆ. ಹಿಂದಿನ ಚೈನ್ ಸ್ಪ್ರಾಕೆಟನ್ನು ದೊಡ್ಡದು ಹಾಕಿದರೆ ನಡೆ ಇಳಿಯುತ್ತದೆ, ಕ್ಲಚ್ ಉಳಿಯುತ್ತದೆ. ಗಾಳಿ ತಾಗದ ಜಾಗದಲ್ಲಿರುವ ಆಟೋರಿಕ್ಷಾದ ಎಂಜಿನ್ನಿಗೆ ಫ್ಯಾನು ಇಟ್ಟಿರುವುದನ್ನೂ ನಮ್ಮ ಗ್ಯಾರೇಜಿನವರು ನೋಡಿದ್ದಾರೆ, ಆ ಬುದ್ಧಿಯನ್ನು ಇಲ್ಲಿಗೂ ತರಬಹುದು. ಮಣ್ಣು ಒತ್ತಿ ಗಟ್ಟಿಯಾಗುವ ಚಿಂತೆಯೂ ಇದೆ: ಎತ್ತಿನ ಗೊರಸು ಬಿಟ್ಟು ಬಿಟ್ಟು ನೆಲ ಒತ್ತಿದರೆ ಗಾಲಿ ಒಂದೇ ಗೆರೆಯಾಗಿ ಒತ್ತುತ್ತದೆ. ಹೊಲದೊಳಗೆ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿದರೆ ಒತ್ತಡವೂ ತಗ್ಗುತ್ತದೆ, ಹಿಡಿತವೂ ಹೆಚ್ಚುತ್ತದೆ.

ಇಳಕಲ್ ಸುತ್ತ ಗ್ರಾನೈಟಿನ ಬಂಡೆ ನೆಲಕ್ಕೆ ಹತ್ತಿರವಿರುವ ಹೊಲಗಳಲ್ಲಿ ಇನ್ನೊಂದು ಅಪಾಯವಿದೆ. ಕುಡ ಮಣ್ಣಿನಡಿಯ ಕಲ್ಲಿಗೆ ಸಿಕ್ಕಿಕೊಂಡರೆ ಎತ್ತು ನಿಲ್ಲುತ್ತದೆ, ಬೈಕು ನಿಲ್ಲುವುದಿಲ್ಲ. ಗಾಲಿಗೆ ಹಿಡಿತವಿದ್ದರೆ, ಕೊಂಡಿ ಮೇಲಿದ್ದರೆ, ಮುಂಭಾಗ ಒಮ್ಮೆಗೇ ಎದ್ದು ಸವಾರ ಹಿಂದಕ್ಕೆ ಬೀಳುತ್ತಾನೆ. ಅವನ ಹಿಂದೆಯೇ ಕುಡ, ಮೇಳಿ ಹಿಡಿದ ಮನುಷ್ಯ. ಕೊಂಡಿಯಲ್ಲಿ ಗಟ್ಟಿ ಬೋಲ್ಟಿನ ಬದಲು ಬೇಗ ಮುರಿಯುವ ತೆಳುವಾದ ಮೆದು ಕಬ್ಬಿಣದ ಪಿನ್ನು ಇರಬೇಕು. ಯಾವ ದಪ್ಪದ ಪಿನ್ನು ಎಂದು ಊಹಿಸಬೇಕಿಲ್ಲ. ಕೊಂಡಿಗೂ ಕುಂಟೆಗೂ ನಡುವೆ ಸ್ಪ್ರಿಂಗ್ ತಕ್ಕಡಿ ಹಾಕಿ ಒಂದು ಸಾಲು ಎಳೆದು ನೋಡಿದರೆ ಆ ಹೊಲದ ಎಳೆತ ಗೊತ್ತಾಗುತ್ತದೆ. ಅದರ ಎರಡರಷ್ಟು ಭಾರಕ್ಕೆ ಮುರಿಯುವ ಪಿನ್ನನ್ನು ಆರಿಸಿ, ನಾಲ್ಕೈದನ್ನು ಹೆಚ್ಚುವರಿಯಾಗಿ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಬೇಕು.