ಬೆಟ್ಟದ ಹೊಟ್ಟೆಯಲ್ಲಿ ರೈಲುದಾರಿ

ಯೂರೋಪಿನ ಆಲ್ಪ್ಸ್ ಪರ್ವತಗಳನ್ನು ನಾನು ಕಂಡಿರುವುದು ಗ್ರಂಥಾಲಯದ ಪುಸ್ತಕಗಳಲ್ಲಿ ಮಾತ್ರ. ಆದರೂ ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌ ಪ್ರದೇಶವನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ.

ಅಲ್ಲಿಗೆ ಹೋದವರು ಮೊದಲು ಲೌಟರ್‌ಬ್ರುನೆನ್ ಕಣಿವೆಯನ್ನು ಕಾಣುತ್ತಾರೆ. ಇಕ್ಕೆಲದಲ್ಲೂ ಗೋಡೆಯಂತಹ ಬಂಡೆ. ಸುಮಾರು 300 ಮೀಟರು ಎತ್ತರದಿಂದ ಧುಮುಕುವ ಸ್ಟೌಬ್‌ಬಾಖ್ ಜಲಪಾತವು ಗಾಳಿಗೆ ಸಿಕ್ಕಿ ತುಂತುರಾಗುತ್ತದೆ. ಮೇಲೆ ಐಗರ್, ಮ್ಯೋಂಖ್, ಯುಂಗ್‌ಫ್ರೌ ಎಂಬ ಹಿಮಶಿಖರಗಳು. ಕಡೆಯ ಎರಡರ ನಡುವಣ ತಗ್ಗಿಗೆ ಯುಂಗ್‌ಫ್ರೌಯೋಖ್ ಎಂದು ಹೆಸರು. ಜರ್ಮನ್ ಭಾಷೆಯಲ್ಲಿ 'ಯೋಖ್' ಎಂದರೆ ನೊಗ. 3454 ಮೀಟರು ಎತ್ತರದ ಆ ನೊಗದವರೆಗೂ ರೈಲು ಹೋಗುತ್ತದೆ! ಅಲ್ಲಿಂದ ಆಲ್ಪ್ಸಿನಲ್ಲೇ ಅತಿ ಉದ್ದವಾದ ಆಲೆಚ್ ಹಿಮನದಿ ಕಾಣುತ್ತದೆ. ಕಾಲಮಾನದ ಬಿಸಿಗೆ ಅದೂ ವರ್ಷವರ್ಷಕ್ಕೆ ಕರಗುತ್ತಿದೆ.

ಈ ದಾರಿಯ ಕೆಲಸ ತೊಡಗಿದ್ದು 1896ರಲ್ಲಿ. ಸುಮಾರು 9 ಕಿಲೋಮೀಟರುಗಳಲ್ಲಿ 7ಕ್ಕೂ ಮಿಕ್ಕಿ ಸುರಂಗವೇ. ಕಡಿದಾದ ಏರಿನಲ್ಲಿ ಗಾಡಿ ಜಾರದಂತೆ ಹಳಿಗಳ ನಡುವೆ ಹಲ್ಲಿನ ಕಂಬಿಯಿದೆ. ಗಾಡಿಯ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ. ಯೋಜನೆ ಹೂಡಿದ ಗೈಯರ್-ಜೆಲ್ಲರ್ 1899ರಲ್ಲಿಯೇ ತೀರಿಕೊಂಡರು. ರೈಲು ನೆತ್ತಿ ತಲಪಿದ್ದು 1912ರಲ್ಲಿ. ಬಂಡೆ ಸಿಡಿಸಿದವರು ಬಹುಪಾಲು ಇಟಲಿಯಿಂದ ಬಂದ ಕೂಲಿಗಳು. ಹಲವರು ಅಲ್ಲಿಯೇ ಮಡಿದರು.

ನಮ್ಮ ತಂದೆಯವರು ಕಲ್ಲುಗಣಿಯಲ್ಲಿ ದುಡಿಯುವವರು; ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲು. ಇದನ್ನೆಲ್ಲ ಓದಿ ಹೇಳಿದಾಗ ಅವರು ಕೇಳಿದರು: "ಕಲ್ಲು ಕೊರೆದೋರು ಆಮೇಲೆ ಆ ರೈಲು ಹತ್ತಿದ್ರೇನಪ್ಪಾ?" ನನ್ನಿಂದ ಮಾತು ಹೊರಡಲಿಲ್ಲ.

ಎಂದಾದರೊಂದು ದಿನ ಅಲ್ಲಿಗೆ ಹೋದರೆ, ಹಿಮವನ್ನು ನೋಡುವ ಮೊದಲು ಸುರಂಗದ ಗೋಡೆಯನ್ನು ಮುಟ್ಟಿ ನೋಡುವೆನು.